ಪಾಚಿಯಕ್ಕನ ಪ್ಲೇಟು, ವಿಂಗು

ಬಂದರಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪಾಚಿಯಕ್ಕ ಎಂದೇ. ದೋಣಿಗಳ ಹೊಟ್ಟೆಗೆ ಅಂಟಿದ ಪಾಚಿ, ಚಿಪ್ಪು ಕೆರೆಯುವ ಗ್ಯಾಂಗಿನಲ್ಲಿ ಒಂಬತ್ತು ವರ್ಷದಿಂದ ಇದ್ದಳು. ಹೆಂಗಸರಿಗೆ ಅಂಚಿನ ಕೆಲಸ ಮಾತ್ರ: ಕುತ್ತಿಗೆಯವರೆಗೆ ನೀರಲ್ಲಿದ್ದು ದೋಣಿಯ ಪಕ್ಕ ತಿಕ್ಕುವುದು. ಸಿಲಿಂಡರ್ ಹೊತ್ತು ತಳಕ್ಕಿಳಿಯುವವರು ಗಂಡಸರು.

"ಮನೇಲಿ ಪಾತ್ರೆ, ಇಲ್ಲಿ ದೋಣಿ. ನನ್ನ ಹಣೇಲಿ ಬರೀ ತಿಕ್ಕೋದೇ ಬರೆದಿದೆ," ಎಂದು ಅವಳೇ ನಗುತ್ತಿದ್ದಳು.

ಅವಳ ಗಂಡ ತಳದ ಕೆಲಸದವನು. ಸಂಜೆ ಡೈವಿಂಗ್ ಸಾಮಾನನ್ನು ಬಚ್ಚಲಲ್ಲಿ ಎಸೆದರೆ ಅವನ ಕೆಲಸ ಮುಗಿಯಿತು. ಉಪ್ಪು ಹೋಗುವಂತೆ ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬೆಳಿಗ್ಗೆ ಬಾಗಿಲ ಬಳಿ ಇಡುವುದು ಅವಳ ಪಾಲು. ಹಾಗಾಗಿ ಅದರ ಒಂದೊಂದು ಹೊಲಿಗೆಯೂ ಅವಳಿಗೆ ಗೊತ್ತಿತ್ತು. ಬೆನ್ನಿಗೆ ಕೂರುವ ಸ್ಟೀಲಿನ ಪ್ಲೇಟು. ಅದಕ್ಕೂ ಸಿಲಿಂಡರಿಗೂ ನಡುವೆ ವಿಂಗು, ಅಂದರೆ ಗಾಳಿಚೀಲ. ತುಂಬಿದರೆ ಮೇಲೆತ್ತುತ್ತದೆ, ಬಿಟ್ಟರೆ ಇಳಿಸುತ್ತದೆ. ಅವನದು ಗ್ಯಾಂಗಿನಲ್ಲೇ ದೊಡ್ಡ ವಿಂಗು. ಅದು ಎಷ್ಟು ಬೇಕಾದರೂ ಎತ್ತುತ್ತದೆ ಎಂಬ ಧೈರ್ಯದಲ್ಲಿ ಅವನು ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತುಂಡುಗಳನ್ನು ಹೆಚ್ಚಿಸುತ್ತಲೇ ಹೋದ. ಭಾರವಿದ್ದರೆ ಕೆಸರಿನಲ್ಲಿ ನಿಂತು ಕೆರೆಯುವುದು ಸಲೀಸು.

ಒಂದು ಸಂಜೆ ವಿಂಗನ್ನು ಟಬ್ಬಿನಲ್ಲಿ ಅದ್ದಿದಾಗ ಅಂಚಿನಿಂದ ಸಾಸಿವೆಕಾಳಿನಂಥ ಗುಳ್ಳೆಗಳ ಸಾಲು ಎದ್ದಿತು.

"ರೀ, ಇಲ್ಲಿ ಗಾಳಿ ಸೋರ್ತಿದೆ."

"ತೊಳಿ ಅಂದಿದ್ದು. ತಪಾಸಣೆ ಮಾಡು ಅಂದಿಲ್ಲ."

ಎರಡು ದಿನ ಬಿಟ್ಟು ಮತ್ತೆ ಹೇಳಿದಳು. ಅವನು ಟಿ.ವಿ. ಸದ್ದು ಜೋರು ಮಾಡಿದ. ಮೂರನೆಯ ಸಲ ಅವಳು ಹೇಳಲಿಲ್ಲ. ಮಗಳ ಶೂ ಅಂಟಿಸುವ ಅಂಟು ತಂದು, ಮನೆಯ ಮುರಿದದ್ದು ಹರಿದದ್ದನ್ನೆಲ್ಲ ಸದ್ದಿಲ್ಲದೆ ಸರಿಮಾಡುವ ಹಾಗೆ ಇದನ್ನೂ ಸರಿಮಾಡಿಟ್ಟಳು. ಗುಳ್ಳೆ ನಿಂತಿತು.

ಹನ್ನೊಂದನೆಯ ದಿನ ತಳದಲ್ಲಿ ಅಂಟು ಬಿಟ್ಟಿತು. ತುಂಬಿದ ಗಾಳಿಯೆಲ್ಲ ಹೊರಗೆ ಹೋಯಿತು. ಕಾಲು ಬಡಿದರೆ ಕೆಸರು ಎದ್ದಿತೇ ಹೊರತು ಅವನು ಏಳಲಿಲ್ಲ. ಗಾಬರಿಯಲ್ಲಿ ಸೀಸದ ಬೆಲ್ಟು ಕಳಚಿ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದ. ಬಿಡದ ಉಸಿರು ಎದೆಯೊಳಗೆ ಹಿಗ್ಗಿ, ಶ್ವಾಸಕೋಶ ಹರಿದು ರಕ್ತಕ್ಕೆ ನುಗ್ಗಿ ಮಿದುಳಿಗೇರಿತು. ಜೀವ ಉಳಿಯಿತು, ಮೈಯ ಎಡಭಾಗ ಉಳಿಯಲಿಲ್ಲ.

ಎರಡು ವರ್ಷದಿಂದ ಅವನು ಮಂಚದ ಮೇಲೆ. ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಅದರ ನಡುವೆಯೇ ಅವಳು ಡೈವಿಂಗ್ ಕಲಿತು ಸರ್ಟಿಫಿಕೇಟು ತಂದಳು. ಗ್ಯಾಂಗಿನ ಮೇಸ್ತ್ರಿ ಗಂಡನ ಜಾಗಕ್ಕೆ ಅವಳನ್ನು ಒಪ್ಪಿದ. ಹಳೆಯ ವಿಂಗಿಗೆ ಹೊಸ ಒಳಚೀಲವನ್ನೂ ಹಾಕಿಸಿದ.

"ಅವನ ಸಾಮಾನೇ ಹಾಕ್ಕೋ," ಎಂದರು ಅತ್ತೆ. "ಅವನೇ ನೀರಿಗೆ ಇಳಿದ ಹಾಗಾಗುತ್ತೆ."

ಶನಿವಾರ ಬೆಳಿಗ್ಗೆ ಕಟ್ಟೆಯ ಮೆಟ್ಟಿಲ ಬಳಿ, ನಾಲ್ಕು ಮೀಟರ್ ನೀರಿನಲ್ಲಿ, ಗಂಡನ ಸ್ಟೀಲ್ ಪ್ಲೇಟು, ವಿಂಗು ಮತ್ತು ಅವನಷ್ಟೇ ಸೀಸ ಕಟ್ಟಿ ಇಳಿದಳು. ಪ್ಲೇಟಿನ ಕೆಳಗಂಚು ಅವಳ ಸೊಂಟದ ಮೂಳೆಗೆ ಒತ್ತುತ್ತಿತ್ತು. ತಳದಲ್ಲಿ ವಿಂಗಿನ ಗಾಳಿಯನ್ನೆಲ್ಲ ಬಿಟ್ಟು ಕಾಲು ಬಡಿದಳು. ಏಳಲಾಗಲಿಲ್ಲ. ಹಗ್ಗ ಹಿಡಿದು ಹತ್ತಿದಳು.

ಆಮೇಲೆ ಡೈವಿಂಗ್ ಸಾಮಾನಿನ ಅಂಗಡಿಯಾಕೆಯಿಂದ ಹಾಕಿ ನೋಡಲೆಂದು ಕೇಳಿ ತಂದಿದ್ದ ಅಲ್ಯೂಮಿನಿಯಂ ಪ್ಲೇಟು, ಚಿಕ್ಕ ವಿಂಗು. ಸೀಸ ಒಂದೊಂದೇ ತುಂಡು ಕಡಿಮೆ ಮಾಡುತ್ತ ನಾಲ್ಕು ಸಲ ಇಳಿದಳು. ನಾಲ್ಕನೆಯ ಸಲ ಖಾಲಿ ವಿಂಗಿನಲ್ಲೇ ಕಾಲು ಬಡಿದು ಮೇಲೆ ಬಂದಳು, ಉಸಿರು ಬಿಡುತ್ತ. ಮೇಲೆ ಬಂದು ಗಾಳಿ ತುಂಬಿದಾಗ ಚಿಕ್ಕ ವಿಂಗೇ ಅವಳ ಗಲ್ಲವನ್ನು ನೀರಿನಿಂದ ಮೇಲೆ ಹಿಡಿದಿತ್ತು.

"ಗಾಳಿ ಇಲ್ದೆ ಏಳೋದು ಯಾವ ಸೀಮೆ ಪರೀಕ್ಷೆ, ಅತ್ತಿಗೆ?" ಎಂದ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಮೇಸ್ತ್ರಿ.

"ನಿಮ್ಮಣ್ಣ ಒಂದ್ಸಲ ಬರೆದ್ರಲ್ಲ, ಅದೇ."

ಅವನ ನಗು ಅರ್ಧಕ್ಕೇ ನಿಂತಿತು. "ಇಷ್ಟು ಹಗುರ ಇದ್ರೆ ತಳದಲ್ಲಿ ನಿಲ್ಲೋದು ಹೇಗೆ?"

"ನಿಲ್ಲಲ್ಲ. ತೇಲ್ಕೊಂಡೇ ಕೆರೀತೀನಿ."

"ಒಂದು ವಾರ ನೋಡ್ತೀನಿ. ಆಗ್ಲಿಲ್ಲಾಂದ್ರೆ ಮತ್ತೆ ಅಂಚಿಗೇ."

ಅವಳು ಚಿಕ್ಕದನ್ನೇ ಕೊಂಡುಕೊಂಡು ಮನೆಗೆ ಬಂದಳು.

"ಗಂಡನದು ಹಿಡಿಸಲಿಲ್ಲ ಮಹಾರಾಣಿಗೆ," ಎಂದು ಅತ್ತೆ ಗೋಡೆಗೆ ಹೇಳಿದರು.

ಗಂಡ ಮಂಚದಿಂದಲೇ ಅದನ್ನು ಅಳೆದು ನೋಡಿದ. ಅವನ ಮಾತು ಈಗ ತೊದಲು. "ಎಷ್ಟು... ಎತ್ತುತ್ತೆ?"

"ನನ್ನೊಬ್ಬಳನ್ನ."

"ನಂದಕ್ಕೆ... ಏನಾಗಿತ್ತು?"

ಎರಡು ವರ್ಷದಲ್ಲಿ ಅವನು ಇದನ್ನು ಕೇಳಿರಲಿಲ್ಲ. "ಸೋರ್ತಿತ್ತು. ಎರಡು ಸಲ ಹೇಳ್ದೆ. ಆಮೇಲೆ ನಾನೇ ಅಂಟಿಸಿದೆ. ನಿಮಗೆ ಹೇಳ್ಲಿಲ್ಲ."

"ಸೋರೋಕೆ... ಬಿಡ್ಬೇಕಿತ್ತು. ನಂಗೇ... ಗೊತ್ತಾಗ್ತಿತ್ತು."

"ಹೌದು," ಎಂದಳು. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅವನ ಭುಜದಡಿ ಕೈ ತೂರಿಸಿ ಹೊರಳಿಸಿದಳು. ಅವನ ಮುಖ ಗೋಡೆ ಕಡೆಗಾಯಿತು.

ಸೋಮವಾರ ಬೆಳಿಗ್ಗೆ ಹೊಸ ವಿಂಗನ್ನು ಗಾಳಿ ತುಂಬಿ ಟಬ್ಬಿನಲ್ಲಿ ಮುಳುಗಿಸಿ ಹಿಡಿದು ಕೂತಿದ್ದಳು. ಹೊರಗಿನಿಂದ ಅತ್ತೆ ಬಚ್ಚಲ ಬಾಗಿಲು ಬಡಿದರು.

"ಅವನಿಗೆ ಮೈ ಒರೆಸ್ಬೇಕು, ಟಬ್ಬು ಕೊಡೇ."

"ಇರಿ ಅತ್ತೆ. ಇನ್ನೂ ನೋಡ್ತಿದ್ದೀನಿ."

ಅತ್ತೆ ಮತ್ತೆ ಬಾಗಿಲು ಬಡಿದರು. ಅವಳು ವಿಂಗನ್ನು ತಿರುಗಿಸಿ ಇನ್ನೊಂದು ಅಂಚನ್ನು ಮುಳುಗಿಸಿದಳು.