ಜುಲೈ ಒಂದರ ಮಕ್ಕಳನ್ನು ಕಾಯುವ ನಾಜ್ದಾರ್

ಬೆಳಗಿನ ಐದೂವರೆ. ಅಮೆರಿಕದ ನ್ಯಾಶ್‌ವಿಲ್‌ನ ಕುರ್ದಿ ಕೇರಿಯಲ್ಲಿ ಬೇರೆ ಅಂಗಡಿಗಳು ಇನ್ನೂ ತೆರೆದಿಲ್ಲ. ನಾಜ್ದಾರ್ ದೋಸ್ಕಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಾರೆ. ಐವತ್ತೆಂಟರ ಈ ಹೆಂಗಸು ದಿನಕ್ಕೆ ಆರುನೂರು ರೊಟ್ಟಿ ಸುಡುತ್ತಾರೆ. ಯಾವ ಮನೆಗೆ ಎಷ್ಟು ಎಂಬುದು ಅವರಿಗೆ ಬಾಯಿಪಾಠ. ನಾಲ್ಕು ಒಯ್ಯುತ್ತಿದ್ದ ಮನೆ ಎಂಟಕ್ಕೆ ಏರಿತೆಂದರೆ ಅಲ್ಲಿ ಗಂಡುಹುಡುಗನೊಬ್ಬ ಬೆಳೆಯುತ್ತಿದ್ದಾನೆ. ಆಗ ಅವರ ವಿಚಾರಣೆ ಶುರು: "ಹುಡುಗನಿಗೆ ಹದಿನೆಂಟಾಯ್ತೇನಮ್ಮ? ಹೆಸರು ಬರೆಸಿದ್ನಾ?"

ಬರೆಸಬೇಕಾದದ್ದು ಸೇನೆಯ ಪಟ್ಟಿಯಲ್ಲಿ. ಯುದ್ಧ ಬಂದರೆ ಗಂಡುಮಕ್ಕಳನ್ನು ಕರೆಯಲೆಂದು ಸರ್ಕಾರ ಇಟ್ಟುಕೊಂಡಿರುವ ಪಟ್ಟಿ ಅದು. ಇಪ್ಪತ್ತಾರು ತುಂಬುವುದರೊಳಗೆ ಬೇಕೆಂದೇ ಹೆಸರು ತಪ್ಪಿಸಿದವನಿಗೆ ಈ ರಾಜ್ಯದಲ್ಲಿ ಸರ್ಕಾರಿ ಕಾಲೇಜೂ ಇಲ್ಲ, ಸರ್ಕಾರಿ ನೌಕರಿಯೂ ಇಲ್ಲ.

ಪಟ್ಟಿ ಎಂದರೆ ನಾಜ್ದಾರ್‌ಗೆ ಈಗಲೂ ಭಯ. ಇರಾಕಿನ ದುಹೋಕ್‌ನ ಬೀದಿಯಲ್ಲಿ ಸೈನಿಕನೊಬ್ಬ ಜೋರಾಗಿ ಹೆಸರು ಓದಿದಾಗ ಅವರ ಅಣ್ಣ ಎದ್ದು ಹೋದವನು ಮರಳಲಿಲ್ಲ. ಹಾಗಾಗಿ ಇಲ್ಲಿ ಹಿರಿಮಗ ಶಿವಾನ್‌ಗೆ ಹೆಸರು ಬರೆಸೆಂದು ಅಂಚೆಯಲ್ಲಿ ಕಾಗದ ಬಂದಾಗ ಇದೇ ಒಲೆಗೆ ಹಾಕಿದರು, ಬರೆಸಕೂಡದೆಂದು ಮಗನಿಂದ ಆಣೆ ಹಾಕಿಸಿಕೊಂಡರು. ಇಪ್ಪತ್ತೇಳರಲ್ಲಿ ಶಿವಾನ್‌ನ ಕೈಗೆ ಬಂದಿದ್ದ ರಸ್ತೆ ಇಲಾಖೆಯ ಕೆಲಸ ಆ ಕಾರಣಕ್ಕೇ ತಪ್ಪಿತು.

"ಅವ್ನು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ನಾಜ್ದಾರ್. ಕೇರಿಯ ಹುಡುಗರ ಬೆನ್ನು ಹತ್ತಿದ್ದು ಆಮೇಲೆ.

ಇವತ್ತು ಜೂನ್ ಮೂವತ್ತು. ಹಿಂದಿನ ಬೀದಿಯ ಗುಲಿಜಾರ್ ತಮ್ಮ ಮಗ ರೆಬಿನ್ ಜೊತೆ ರೊಟ್ಟಿಗೆ ಬಂದಿದ್ದಾರೆ. ಅವನಿಗೆ ಆಗಸ್ಟ್‌ನಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜು ಸೇರುವ ಆಸೆ. ಹೆಸರು ಬರೆಸುವುದಿಲ್ಲವೆಂದು ಅವನೂ ಅಮ್ಮನ ತಲೆ ಮುಟ್ಟಿ ಆಣೆ ಇಟ್ಟವನೇ.

"ಇನ್ನೂ ಟೈಮಿದೆ ಬಿಡಕ್ಕ," ಎನ್ನುತ್ತಾರೆ ಗುಲಿಜಾರ್. "ಇವ್ನಿಗೆ ಇಪ್ಪತ್ತಾರು ತುಂಬೋದು ಅಕ್ರೋಟು ಉದುರಿಸೋ ಕಾಲಕ್ಕೆ, ಇನ್ನೂ ಮೂರು ತಿಂಗಳಿದೆ. ಅಷ್ಟರಲ್ಲಿ ಕಾನೂನೇ ಬದಲಾದ್ರೂ ಆಯ್ತು."

ನಾಜ್ದಾರ್ ಕೈಯಲ್ಲಿದ್ದ ರೊಟ್ಟಿ ಜಾರಿ ಕೆಂಡಕ್ಕೆ ಬೀಳುತ್ತದೆ. "ಅಕ್ರೋಟು ನಿನ್ನ ಲೆಕ್ಕ ಕಣೇ. ಕಾಗದದಲ್ಲಿ ಏನಂತಿದೆ?"

ಕಾಗದದಲ್ಲಿರುವುದು ಜುಲೈ ಒಂದು. ಹುಟ್ಟಿದ ದಿನ ಬರೆದಿಡದೆ ಬೆಟ್ಟ ದಾಟಿ ಬಂದ ಈ ಕೇರಿಯ ಅರ್ಧ ಜನರಿಗೆ ದಾಖಲೆಯಲ್ಲಿ ಅದೇ ಹುಟ್ಟಿದ ದಿನ. ನಾಜ್ದಾರ್‌ಗೂ ಅದೇ. ಅಂದರೆ ಕಾಗದದ ಪ್ರಕಾರ ರೆಬಿನ್‌ಗೆ ಇಪ್ಪತ್ತಾರು ತುಂಬುವುದು ನಾಳೆ, ಬರೆಸಲು ಉಳಿದಿರುವುದು ಇವತ್ತೊಂದೇ ದಿನ.

ಗುಲಿಜಾರ್ ಮಗನ ತೋಳು ಹಿಡಿದುಕೊಳ್ಳುತ್ತಾರೆ. "ಬರೆಸಿದ್ರೆ ಇವ್ನನ್ನ ಕರೆಯಲ್ಲ ಅಂತ ಆಣೆ ಇಡ್ತೀಯೇನಕ್ಕ?"

"ಇಡಲ್ಲ. ಆ ಭಯ ನನಗೇ ಹೋಗಿಲ್ಲ, ನಿನಗೇನು ಸಮಾಧಾನ ಹೇಳ್ಲಿ? ಆದ್ರೆ ನಮ್ಮ ಶಿವಾನ್ ಮುಖ ದಿನಾ ನೋಡ್ತೀಯಲ್ಲ."

ರೆಬಿನ್ ಮೊಬೈಲು ಹಿಡಿದು ನಿಂತಿದ್ದಾನೆ. "ಅಮ್ಮ, ನೀನು ಹೂಂ ಅನ್ನದೆ ನಾನು ಮುಟ್ಟಲ್ಲ."

ಗುಲಿಜಾರ್ ರೊಟ್ಟಿಯ ಚೀಲವನ್ನು ಕೆಳಗಿಡುತ್ತಾರೆ. ಆಮೇಲೆ ಮಗನ ಕೈ ಹಿಡಿದು ತಮ್ಮ ತಲೆಯ ಮೇಲಿಟ್ಟು, ತಾವೇ ಅದನ್ನು ಕೆಳಗಿಳಿಸುತ್ತಾರೆ. "ಬರ್ಕೋ. ನಾನು ಆ ಕಡೆ ತಿರುಗಿರ್ತೀನಿ."

ಎರಡೇ ನಿಮಿಷದ ಕೆಲಸ. ರೆಬಿನ್ ಅರವತ್ತನಾಲ್ಕನೆಯವನು. ಅವನಿಗಿಂತ ಮೊದಲು ನಾಜ್ದಾರ್ ಬೆನ್ನು ಹತ್ತಿ ಬರೆಸಿದವರಲ್ಲಿ ಇಬ್ಬರು ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದಾರೆ. ಇದಕ್ಕಾಗಿ ಯಾರೂ ಇವರಿಗೆ ಹಾರ ಹಾಕಿಲ್ಲ, ಹಾಕಲು ಬಂದರೂ ಇವರು ಕೊರಳು ಕೊಡುವವರಲ್ಲ. ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಬಂದ ದಿನ ಅಷ್ಟೂ ಹೆಸರು ಒಂದೊಂದಾಗಿ ನೆನಪಾಗಿ ಇವರಿಗೆ ಅನ್ನ ಸೇರುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುಂದಿನ ಉಂಡೆ ತಟ್ಟುತ್ತಲೇ ಹೇಳುತ್ತಾರೆ: "ನಾನು ಬರೆಸಿದ ಹೆಸರನ್ನ ಯಾರೂ ಜೋರಾಗಿ ಓದ್ಬಾರದು. ಅಷ್ಟೇ ಕಣಪ್ಪ."