ಎಲ್ಲರ ಪಾಠಕ್ಕೂ ಮಗುವಾದವಳು

ಬಿ.ಎಡ್. ಓದಿದವರಿಗೆ ಮೈಕ್ರೋ ಟೀಚಿಂಗ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಓದದವರಿಗೆ ಹೇಳುತ್ತೇನೆ, ನಗಬೇಡಿ. ನಿಜವಾದ ಶಾಲೆಗೆ ಕಳಿಸುವ ಮುಂಚೆ ನಮ್ಮನ್ನು ನಮ್ಮ ಮೇಲೆಯೇ ಪ್ರಯೋಗಕ್ಕೆ ಬಿಡುತ್ತಾರೆ. ಒಬ್ಬರು ಟೀಚರಾಗಿ ಬೋರ್ಡಿನ ಮುಂದೆ ನಿಲ್ಲಬೇಕು, ಮಿಕ್ಕ ಏಳೆಂಟು ಮಂದಿ ಆರನೇ ಕ್ಲಾಸಿನ ಮಕ್ಕಳಾಗಿ ಬೆಂಚಿನ ಮೇಲೆ ಕೂರಬೇಕು. ಮದುವೆಯಾದವರು, ಮಕ್ಕಳೊಂದಿಗರು, ದಪ್ಪ ಮೀಸೆ ಬಿಟ್ಟವರು ಎಲ್ಲರೂ ಎದ್ದು ನಿಂತು “ಗುಡ್ ಮಾರ್ನಿಂಗ್ ಮಿಸ್” ಎಂದು ರಾಗ ಎಳೆಯಬೇಕು. ಪಾಠ ಐದಾರು ನಿಮಿಷದ್ದು. ಮೂಲೆಯಲ್ಲಿ ಕೂತ ಮೇಡಂ ಅಂಕ ಹಾಕುತ್ತಿರುತ್ತಾರೆ.

ನಾನು ತುಮಕೂರಿನ ಕಾಲೇಜಿಗೆ ಸೇರಿದಾಗ ನನಗೆ ಮೂವತ್ತೈದು ದಾಟಿತ್ತು. ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ಸೇರಿದ ವರ್ಷವೇ ಹುಲಿಯೂರುದುರ್ಗದ ಪಕ್ಕದ ನಮ್ಮ ಹಳ್ಳಿಯಿಂದ ಗುಬ್ಬಿಗೆ ಮದುವೆ ಮಾಡಿ ಕಳಿಸಿದ್ದರು. ಆಮೇಲಿನ ಓದೆಲ್ಲ ಮನೆಯಲ್ಲೇ ಕೂತು, ಅಂಚೆಯಲ್ಲಿ ಬಂದ ಪುಸ್ತಕ ನೋಡಿಕೊಂಡು. ಮಗಳು ಹೈಸ್ಕೂಲಿಗೆ ಹೋಗುವಂತಾದ ಮೇಲೆ ಬಿ.ಎಡ್. ಮಾಡುತ್ತೇನೆ ಅಂದೆ. ಯಜಮಾನರು ಮೊಬೈಲಿನಿಂದ ಕಣ್ಣೆತ್ತದೆ “ಮಾಡು, ಯಾರ್ ಬ್ಯಾಡ ಅಂದ್ರು” ಅಂದರು. ಅವರ ಮಟ್ಟಿಗೆ ಅದು ದೊಡ್ಡ ಪ್ರೋತ್ಸಾಹ. ನನಗೆ ಸರ್ಕಾರಿ ಶಾಲೆಯ ಟೀಚರ್ ಆಗಬೇಕಿತ್ತು. ಬೇರೆ ಯಾವ ಆಸೆಯನ್ನೂ ನಾನು ಬಾಯಿಬಿಟ್ಟು ಹೇಳಿದವಳಲ್ಲ, ಇದೊಂದನ್ನು ಹೇಳಿದ್ದೆ. ವಯೋಮಿತಿ ಮೀರುವುದರೊಳಗೆ ಬಿ.ಎಡ್. ಮುಗಿಸಿ, ಟಿಇಟಿ ಎಂಬ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಿ, ನೇಮಕಾತಿ ಪರೀಕ್ಷೆ ಬರೆಯಬೇಕಿತ್ತು.

ಬೆಳಗಿನ ರೈಲು ಹತ್ತಿ ಬಂದು, ಯೂನಿಫಾರ್ಮ್ ಸೀರೆಯ ನೆರಿಗೆ ಸರಿಮಾಡಿಕೊಂಡು ಮೊದಲ ಸಲ ಆ ಬೆಂಚಿನ ಮೇಲೆ ಕೂತಾಗ ನನಗಾದ ಸುಖವನ್ನು ಹೇಗೆ ಹೇಳಲಿ? ಮನೆಯಲ್ಲಿ ನಾನು ಕೂತದ್ದು ಯಾವಾಗಲೂ ಎಲ್ಲರ ಊಟ ಆದ ಮೇಲೆ. ಇಲ್ಲಿ ಕೂರುವುದೇ ನನ್ನ ಕೆಲಸ.

ಮೊದಲ ಪಾಠ ಮಾಡಿದವಳು ಕುಣಿಗಲ್ಲಿನ ಒಬ್ಬ ಹುಡುಗಿ. ಡಿಗ್ರಿ ಮುಗಿಸಿ ನೇರ ಬಂದವಳು, ಮಾತು ಪಟಪಟ. ಹಗಲು-ರಾತ್ರಿ ಹೇಗಾಗುತ್ತದೆ ಎಂಬ ಪಾಠ. ಟಾರ್ಚು ಹಿಡಿದಳು, ಗ್ಲೋಬು ತಿರುಗಿಸಿದಳು, ಸೂರ್ಯ ಇದ್ದಲ್ಲೇ ಇರುತ್ತಾನೆ, ತಿರುಗುವುದು ಭೂಮಿ ಅಂದಳು. “ಅರ್ಥ ಆಯ್ತಾ ಮಕ್ಳೇ?” ಎಲ್ಲರೂ “ಆಯ್ತು ಮಿಸ್” ಅಂದರು. ನಾನು ಕೈ ಎತ್ತಿದೆ.

“ಮಿಸ್, ನಮ್ಮೂರಲ್ಲಿ ಸೂರ್ಯ ದಿನಾ ಸಾಯಂಕಾಲ ದುರ್ಗದ ಬೆಟ್ಟದ ಹಿಂದಕ್ಕೆ ಹೋಗ್ತಾನೆ. ಗುಬ್ಬಿಲಿ ಅಷ್ಟು ದೊಡ್ಡ ಬೆಟ್ಟನೇ ಇಲ್ವಲ್ಲ, ಅಲ್ಲಿ ಎಲ್ಲಿ ಅಡಗಿಕೊಳ್ತಾನೆ?”

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುಣಿಗಲ್ ಹುಡುಗಿಯ ಕೈಯಲ್ಲಿ ಟಾರ್ಚು ಉರಿಯುತ್ತಲೇ ಇತ್ತು. ಮೂಲೆಯ ಮೇಡಂ ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟು, “ಈ ಪ್ರಶ್ನೆ ಎಲ್ಲಿಂದ ಬಂತು ನಿಮಗೆ?” ಅಂತ ಕೇಳಿದರು. ಚಿಕ್ಕವಳಾಗಿದ್ದಾಗ ನನಗೆ ನಿಜವಾಗಿ ಇದ್ದ ಅನುಮಾನ, ಆಗ ಕೇಳಲು ಧೈರ್ಯ ಸಾಲದೆ ತಲೆಯಾಡಿಸಿ ಸುಮ್ಮನಾಗಿದ್ದೆ ಅಂದೆ. ಮೇಡಂ ಎಲ್ಲರಿಗೂ ಹೇಳಿದರು: “ನಾಳೆ ನಿಮ್ಮ ಮುಂದೆ ಕೂರೋ ಮಕ್ಕಳು ಇವರ ಥರ ಇರ್ತಾರೆ. ಇವರಿಗೆ ಅರ್ಥ ಆಗೋ ಹಾಗೆ ಪಾಠ ಮಾಡಿ.”

ಅಲ್ಲಿಂದ ನನ್ನ ಬೆಲೆ ಏರಿತು ನೋಡಿ. “ಅಕ್ಕ, ನಾಳೆ ನನ್ ಲೆಸನ್ನು, ಮಗು ಆಗ್ ಬಾರಕ್ಕ.” “ಅಕ್ಕ, ಅವ್ಳ ಪಾಠಕ್ಕೆ ಬಂದ್ಯಲ್ಲ, ನಂದಕ್ಕೂ ಬಾ.” ಬೇರೆ ಸೆಕ್ಷನ್ನಿನ ಹುಡುಗರೂ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ ಕೇಳುತ್ತಿದ್ದರು. ಇಂಟರ್ನ್‌ಶಿಪ್ಪಿನ ಪಾಠಗಳನ್ನು ಹಿಂದಿನ ದಿನ ನನ್ನ ಮುಂದೆಯೇ ಒಪ್ಪಿಸಿ ಹೋಗುತ್ತಿದ್ದರು. ನಾನೂ ಬಿಗುಮಾನ ಮಾಡಿಕೊಂಡು ಒಪ್ಪುತ್ತಿದ್ದೆ, ಒಳಗೊಳಗೆ ಹಿಗ್ಗುತ್ತಿದ್ದೆ. ಅರ್ಥವಾಗದ ಮಗು ಆಗುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಅರ್ಥವಾದ ಮಗು ಪಟ್ಟನೆ ತಲೆಯಾಡಿಸುತ್ತದೆ. ಅರ್ಥವಾಗದ ಮಗು ನಿಧಾನವಾಗಿ, ಒಂದು ಸಲ ಹೆಚ್ಚಿಗೇ ಆಡಿಸುತ್ತದೆ, ಕಣ್ಣು ಟೀಚರ ಮುಖದ ಮೇಲಿರದೆ ಅವರ ಕೈಯ ಸೀಮೆಸುಣ್ಣದ ಮೇಲಿರುತ್ತದೆ. ಇದನ್ನು ನನಗೆ ಯಾವ ಮನೋವಿಜ್ಞಾನದ ಪುಸ್ತಕವೂ ಕಲಿಸಲಿಲ್ಲ. ಬಾಲ್ಯಪೂರ್ತಿ ನಾನು ಹಾಗೆಯೇ ತಲೆಯಾಡಿಸಿದ್ದೆ.

ಆದರೆ ನನ್ನ ಸರದಿ ಬಂದಾಗ? ಬೋರ್ಡಿನ ಮುಂದೆ ನಿಂತರೆ ಅಂಗೈ ಬೆವರುತ್ತಿತ್ತು. ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿ, ಯಾರೂ ಪ್ರಶ್ನೆ ಕೇಳದಿರಲಿ ಎಂದು ಬೇಡಿಕೊಂಡು, ಗಂಟೆ ಹೊಡೆಯುವ ಮುಂಚೆಯೇ ಬಂದು ಬೆಂಚಿನಲ್ಲಿ ಕೂರುತ್ತಿದ್ದೆ. ಮಾಡಲೇಬೇಕಾದಷ್ಟು ಪಾಠಗಳನ್ನು ಹೇಗೋ ಮುಗಿಸಿದೆ. ಮಿಕ್ಕವರು ಹೆಚ್ಚಿಗೆ ಅಭ್ಯಾಸ ಮಾಡುತ್ತಿದ್ದಾಗ ನಾನು ಅವರ ಮಗುವಾಗಿದ್ದೆ. ಒಂದು ದಿನ ಮೇಡಂ ಕಾರಿಡಾರಿನಲ್ಲಿ ನಿಲ್ಲಿಸಿದರು.

“ನೋಡಿ, ಬೆಂಚಲ್ಲಿ ಕೂತಾಗ ನಿಮ್ಮ ಮುಖದಲ್ಲಿ ಜೀವ ಇರುತ್ತೆ. ಬೋರ್ಡ್ ಹತ್ರ ಬಂದ್ರೆ ಬೇರೆ ಯಾರೋ ಬಂದು ನಿಂತ ಹಾಗಿರುತ್ತೆ. ಆ ಬೆಂಚಿನೋಳನ್ನೇ ಅಲ್ಲಿಗೆ ಕರ್ಕೊಂಡು ಬನ್ನಿ. ಅಭ್ಯಾಸ ಆದ್ರೆ ಬಂದೇ ಬರ್ತಾಳೆ. ಬೇರೆಯವರ ಪಾಠಕ್ಕೆ ಕೂರೋದು ಸ್ವಲ್ಪ ಕಮ್ಮಿ ಮಾಡಿ.”

ಹೂಂ ಎಂದು ತಲೆಯಾಡಿಸಿದೆ. ಹೇಗೆ ಆಡಿಸಿದೆ ಎಂದು ಈಗ ನಿಮಗೆ ಗೊತ್ತು. ಮಾರನೆಯ ದಿನ ಯಾರೋ “ಅಕ್ಕ” ಅಂದರು, ಹೋಗಿ ಕೂತೆ. ಹದಿನಾರಕ್ಕೇ ಕೈಬಿಟ್ಟುಹೋಗಿದ್ದ ಬೆಂಚು ಅದು. ಸಿಕ್ಕಿದ್ದನ್ನು ಮತ್ತೆ ಬಿಡಲು ಮನಸ್ಸು ಬರಲಿಲ್ಲ. ನಾನು ಅಲ್ಲಿಗೆ ಬಂದದ್ದು ಎದ್ದು ನಿಲ್ಲುವುದಕ್ಕೆ ಎಂಬುದನ್ನು ಮರೆತೆನೋ, ಮರೆತಂತೆ ಮಾಡಿದೆನೋ, ಹೇಳಲಾರೆ.

ಕೊನೆಯ ಸೆಮಿಸ್ಟರಿನಲ್ಲಿ ಮಿಕ್ಕವರು ಮಧ್ಯಾಹ್ನವೆಲ್ಲ ಟಿಇಟಿ ಪುಸ್ತಕ ಹಿಡಿದರು. ನಾನು ಬೇರೆಯವರ ಪಾಠಕ್ಕೆ ಕೂತು, ಸಂಜೆ ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದೆ. ಕೆಲವೇ ಅಂಕಗಳಲ್ಲಿ ಟಿಇಟಿ ಹೋಯಿತು. ಹೋದರೆ ಹೋಗಲಿ, ಇನ್ನೊಂದು ಸಲ ಬರೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ನೇಮಕಾತಿ ಕರೆದರು. ಟಿಇಟಿ ಪಾಸಾದವರು ಮಾತ್ರ ಅರ್ಜಿ ಹಾಕಬಹುದಿತ್ತು. ಕುಣಿಗಲ್ ಹುಡುಗಿ ಹಾಕಿದಳು, ಆಯ್ಕೆಯೂ ಆದಳು, ಹುಲಿಯೂರುದುರ್ಗದ ಕಡೆಯ ಒಂದು ಹಳ್ಳಿ ಶಾಲೆಗೆ ಹೋದಳು. ಮುಂದಿನ ಟಿಇಟಿಯಲ್ಲಿ ನಾನು ಒಳ್ಳೆಯ ಅಂಕ ತೆಗೆದು ಪಾಸಾದೆ. ಆದರೆ ಮತ್ತೆ ನೇಮಕಾತಿ ಬರುವ ಹೊತ್ತಿಗೆ ನನ್ನ ವಯಸ್ಸು ಮೀರಿತ್ತು. ಈಗ ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕೂತು ಬಿಲ್ಲು ಟೈಪ್ ಮಾಡುತ್ತೇನೆ. ಟಿಇಟಿ ಸರ್ಟಿಫಿಕೇಟು ಬೀರುವಿನಲ್ಲಿ ಒಳ್ಳೆಯ ಸೀರೆಗಳ ಕೆಳಗಿದೆ. ಇಷ್ಟು ದಿನ ನಾನು ನನಗೆ ಹೇಳಿಕೊಂಡು ಬಂದ ಸಮಾಧಾನ ಒಂದೇ: ಹೇಗಿದ್ದರೂ ಪಾಠ ಮಾಡುವುದು ನನಗೆ ಬರುತ್ತಿರಲಿಲ್ಲ, ಬುಡು.

ಹೋದ ತಿಂಗಳು ತಮ್ಮನ ಮಗುವಿನ ನಾಮಕರಣಕ್ಕೆ ಊರಿಗೆ ಹೋಗಿದ್ದೆ. ಕುಣಿಗಲ್ ಹುಡುಗಿಗೆ ಹೇಗೋ ಗೊತ್ತಾಗಿ ಫೋನ್ ಮಾಡಿದಳು. “ಅಕ್ಕ, ನಮ್ ಸ್ಕೂಲು ಇಲ್ಲೇ ಐತೆ. ನಾಳೆ ಹಗಲು-ರಾತ್ರಿ ಪಾಠ ಇಟ್ಕೊಂಡಿದೀನಿ. ಬಂದು ಕೂತ್ಕೊ, ಹಳೇ ಕಾಲ್ದಂಗೆ.” ಹೋದೆ. ಕಾಲು ನನ್ನನ್ನು ಕೇಳದೆ ಕೊನೆಯ ಬೆಂಚಿಗೆ ನಡೆಯಿತು. ಪಕ್ಕದಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡ ಒಬ್ಬ ಹುಡುಗಿ ಜರುಗಿ ಜಾಗ ಕೊಟ್ಟಳು.

ನನ್ನ ಸ್ನೇಹಿತೆ ಈಗ ಪಳಗಿದ ಟೀಚರು. ಗ್ಲೋಬು ತಿರುಗಿತು, ಟಾರ್ಚು ಉರಿಯಿತು, ಎಲ್ಲ ಅಚ್ಚುಕಟ್ಟು. “ಅರ್ಥ ಆಯ್ತಾ?” “ಆಯ್ತು ಮಿಸ್.” ಪಕ್ಕದ ಹುಡುಗಿ ನಿಧಾನವಾಗಿ, ಒಂದು ಸಲ ಹೆಚ್ಚಿಗೆ ತಲೆಯಾಡಿಸಿದಳು. ಅಷ್ಟರಲ್ಲಿ ಹೆಡ್ಮಾಸ್ಟರು ಕರೆದರು ಎಂದು ಯಾರೋ ಬಂದು ಹೇಳಿದರು. ಸ್ನೇಹಿತೆ ಸೀಮೆಸುಣ್ಣ ನನ್ನ ಕೈಗಿಟ್ಟು, “ಐದ್ ನಿಮ್ಷ ನೋಡ್ಕಳಕ್ಕ” ಎಂದು ಹೋದಳು.

ಅಂಗೈ ಬೆವರಲು ಶುರುವಾಯಿತು. ಬೋರ್ಡಿನ ಹತ್ತಿರ ಹೋದೆ. ನನಗೆ ಕಾಣಿಸಿದ್ದು ಆ ಹುಡುಗಿಯ ಮುಖ ಒಂದೇ.

“ಸಾಯಂಕಾಲ ಸೂರ್ಯ ಎಲ್ಲಿಗೆ ಹೋಗ್ತಾನಮ್ಮ?”

ಅವಳು ಗ್ಲೋಬು ನೋಡಿದಳು, ಕಿಟಕಿ ನೋಡಿದಳು. “ಬೆಟ್ಟದ ಹಿಂದ್ಕೆ” ಅಂದಳು. ಹುಡುಗರು ನಕ್ಕರು. ನಾನು ನಗಲಿಲ್ಲ.

“ಬೆಟ್ಟದ ಹಿಂದೆ ನಿಮಗೆ ಗೊತ್ತಿರೋರು ಯಾರಿದಾರೆ?”

“ನಮ್ಮತ್ತೆ ಅವ್ರೆ ಮಿಸ್. ರಜಕ್ಕೆ ಹೋಗ್ತೀನಿ.”

“ಅಲ್ಲಿ ಸೂರ್ಯ ಎಲ್ಲಿಗೆ ಹೋಗ್ತಾನೆ?”

“ತೆಂಗಿನ್ ತೋಟದ ಹಿಂದ್ಕೆ.” ಅಂದವಳು ಮತ್ತೆ ಕಿಟಕಿ ನೋಡಿದಳು. “ಅಂಗಾದ್ರೆ... ಅವ್ನು ಬೆಟ್ಟದ ಹಿಂದೆ ನಿಂತ್ಕಳಲ್ವಾ?”

ನಗುತ್ತಿದ್ದವರೂ ಈಗ ಅವಳ ಕಡೆ ತಿರುಗಿದ್ದರು. ಎಲ್ಲರನ್ನೂ ಎದ್ದು ನಿಲ್ಲಿಸಿದೆ. “ಕಿಟಕಿ ಕಡೆ ಮುಖ ಮಾಡಿ, ನಿಂತಲ್ಲೇ ನಿಧಾನವಾಗಿ ತಿರುಗಿ” ಅಂದೆ. ಎಲ್ಲರ ಬೆನ್ನು ಕಿಟಕಿಗೆ ಆದಾಗ ಕೇಳಿದೆ: “ಕಿಟಕಿ ಕಾಣ್ತಿಲ್ವಲ್ಲ, ಎಲ್ಲಿಗೆ ಹೋಯ್ತು?”

“ಎಲ್ಲೂ ಹೋಗಿಲ್ಲ ಮಿಸ್!” ಎರಡು ಜಡೆಯವಳು ಎಲ್ಲರಿಗಿಂತ ಮುಂಚೆ ಕೂಗಿದಳು. “ತಿರುಗಿದ್ದು ನಾವು!” ಪಟ್ಟನೆ ತಲೆಯಾಡಿಸಿದಳು, ಕಣ್ಣು ನನ್ನ ಮುಖದ ಮೇಲಿತ್ತು.

ಅಂಗೈ ಒಣಗಿದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಸ್ನೇಹಿತೆ ಬಾಗಿಲಲ್ಲಿ ನಿಂತಿದ್ದಳು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. “ನಿಲ್ಲಿಸ್ಬೇಡಕ್ಕ, ಮಾಡು” ಅಂದಳು. ಅವಳ ಕಣ್ಣು ತುಂಬಿತ್ತು. ನಾನು ಸೀಮೆಸುಣ್ಣ ಅವಳ ಕೈಗೆ ಕೊಟ್ಟು ಕೊನೆಯ ಬೆಂಚಿಗೆ ಬಂದು ಕೂತೆ.

ಕೂತ ಮೇಲೆ ತಿಳಿಯಿತು. ಬರುತ್ತಿತ್ತು ನನಗೆ. ಪಾಠ ಮಾಡುವುದು ನನಗೆ ಬರುತ್ತಿತ್ತು. ಮೇಡಂ ಕರೆದುಕೊಂಡು ಬನ್ನಿ ಎಂದಿದ್ದ ಆ ಬೆಂಚಿನವಳು ಕೊನೆಗೂ ಎದ್ದು ಬಂದಿದ್ದಳು, ಎಲ್ಲ ಮುಗಿದ ಮೇಲೆ. ಪಾಠ ಮಾಡಲು ಬರುವುದಿಲ್ಲ ಎಂದುಕೊಂಡು ಬದುಕುವುದು ಎಷ್ಟು ಸುಲಭವಾಗಿತ್ತು.

ಹುಡುಗಿ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. “ಮಿಸ್, ನೀವು ಯಾವ್ ಸ್ಕೂಲು?”

“ಗುಬ್ಬಿ ಕಣಮ್ಮ” ಅಂದೆ.

ಅವಳು ಕೇಳಿದ್ದು ಊರನ್ನಲ್ಲ. ನನ್ನ ಮುಖ ನೋಡಿದಳು. ಆಮೇಲೆ ಕಣ್ಣನ್ನು ನನ್ನ ಸ್ನೇಹಿತೆಯ ಕೈಯ ಸೀಮೆಸುಣ್ಣದ ಕಡೆ ತಿರುಗಿಸಿ, ನಿಧಾನವಾಗಿ, ಒಂದು ಸಲ ಹೆಚ್ಚಿಗೆ ತಲೆಯಾಡಿಸಿದಳು.