ಪೇಜಿನಲ್ಲಿದ್ದ ಮೇಸ್ತ್ರಿ

ಕುಂದಾಪುರದ ಒಬ್ಬ ಕಾಂಟ್ರ್ಯಾಕ್ಟರರ ಆಫೀಸಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪೇಜುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಟ್ಟುತ್ತಿರುವ ಮನೆಗಳಿಗೆ ಹೋಗಿ ವಿಡಿಯೋ ಮಾಡುತ್ತೇನೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನವರಿಗೆ ಕಾಣುವ ಹಾಗೆ ಜಾಹೀರಾತು ಹಾಕುತ್ತೇನೆ. ಮೊದಮೊದಲು ಮನೆಗಳನ್ನು ಮಾತ್ರ ತೋರಿಸುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. ಆಮೇಲೆ ನಮ್ಮ ಗಾರೆ ಕೆಲಸದ ಮೇಸ್ತ್ರಿಯವರನ್ನು ವಿಡಿಯೋದಲ್ಲಿ ಮಾತಾಡಿಸಿದೆ. ಅವರು ಉಪ್ಪುಂದದವರು.

"ಹ್ವಾಯ್ ಟೀಚರ್ರೇ, ಕಾಂಕ್ರೀಟ್ ಗಟ್ಟಿ ಆಯ್ತ್, ನಿಮ್ಮ ವಿಡಿಯೋ ಇನ್ನೂ ಆಯ್ಲಿಲ್ಯಾ?"

ನಾನು ಟೀಚರಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿಸುತ್ತೇನೆಂದು ಹಾಗೆ ಕರೆಯುತ್ತಿದ್ದರು. ಆ ಮಾತನ್ನೂ ಕತ್ತರಿಸದೆ ಪೇಜಿಗೆ ಹಾಕಿದೆ. ಜನ ನೋಡತೊಡಗಿದರು. ಆಫೀಸಿಗೆ ಫೋನ್ ಮಾಡಿದವರು, "ಆ ವಿಡಿಯೋದಗ್ ಮಾತಾಡ್ತ್ರಲೆ, ಅದೇ ಮೇಸ್ತ್ರಿ ಬತ್ರಾ?" ಎಂದು ಕೇಳುತ್ತಿದ್ದರು.

ಬ್ರಹ್ಮಾವರದಲ್ಲಿ ಕಟ್ಟುತ್ತಿದ್ದ ಒಂದು ಮನೆಯಲ್ಲಿ ಮೇಸ್ತ್ರಿ ಬಿದ್ದ ದಿನ ನಾನು ಅಲ್ಲಿದ್ದೆ. ಗೇಟಿನ ಕಂಬದ ಕೆಲಸದ ವಿಡಿಯೋ ಮಾಡುತ್ತಿದ್ದೆ. ಅವರು ಮೇಲಿನ ಗೋಡೆಗೆ ಕಟ್ಟಿದ ಹಲಗೆಯ ಮೇಲೆ ನಿಂತು ಪ್ಲಾಸ್ಟರ್ ಮಾಡುತ್ತಿದ್ದರು. ನಾನು ಅವರನ್ನು ಕರೆದಿರಲಿಲ್ಲ, ಅವರು ನನ್ನತ್ತ ನೋಡುತ್ತಿರಲಿಲ್ಲ. ಹಲಗೆ ಜಾರಿದ ಸದ್ದಿಗೆ ತಿರುಗಿದೆ. ಆಗಲೇ ಜಲ್ಲಿಯ ರಾಶಿಯ ಪಕ್ಕ ನೆಲದ ಮೇಲಿದ್ದರು. ಕಣ್ಣು ತೆರೆದಿತ್ತು.

"ನನ್ನ ಕಾಲ್ ಎಲ್ಲಿತ್ತ್ ಕಾಣಿ" ಎಂದರು.

ಕಾಲು ಇದ್ದಲ್ಲೇ ಇತ್ತು. ಹಾಗೆಂದು ಹೇಳಿದೆ.

ಪೆಟ್ಟು ಬೆನ್ನುಮೂಳೆಗೆ ಬಿದ್ದಿತ್ತು. ಇನ್ನು ಎದ್ದು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳುವಾಗ ನಾನು ಬಾಗಿಲ ಬಳಿ ನಿಂತಿದ್ದೆ. ಕಾಂಟ್ರ್ಯಾಕ್ಟರರು ದಿನವೂ ಆಸ್ಪತ್ರೆಗೆ ಹೋಗಿ ಬಂದರು, ಅದನ್ನೂ ಹೇಳಬೇಕು. ಆದರೆ ಪೇಜಿನಲ್ಲಿ ಈ ವಿಷಯ ಬರಕೂಡದು ಎಂದರು. "ಆಳ್ ಬಿದ್ದ ಮನಿ ಅಂದೇಳಿ ಹೆಸ್ರ್ ಬಂದ್ರೆ ಮತ್ತ್ಯಾರ್ ಕೆಲ್ಸ ಕೊಡ್ತ್ರ್?" ಆ ಮನೆಯವರು ಮುಂಬಯಿಯಲ್ಲಿ ಹೋಟೆಲು ನಡೆಸುವವರು. ಮೇಸ್ತ್ರಿ ಬೇರೆ ಸೈಟಿಗೆ ಹೋಗಿದ್ದಾರೆಂದು ಕಾಂಟ್ರ್ಯಾಕ್ಟರರು ಅವರಿಗೆ ಹೇಳಿದರು. ನಾನು ಹಳೆಯ ವಿಡಿಯೋಗಳನ್ನೇ ಮತ್ತೆ ಹಾಕುತ್ತಾ ಹೋದೆ. ಮೇಸ್ತ್ರಿ ಅವುಗಳಲ್ಲಿ ಏಣಿ ಹತ್ತುತ್ತಿದ್ದರು, ಇಳಿಯುತ್ತಿದ್ದರು.

ನಮ್ಮ ಕಡೆ ಗೃಹಪ್ರವೇಶದ ದಿನ ಮನೆಯವರು ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಮೇಸ್ತ್ರಿಯನ್ನು ನಿಲ್ಲಿಸಿ, ಹರಿವಾಣದಲ್ಲಿ ಪಂಚೆ, ಶಾಲು, ತೆಂಗಿನಕಾಯಿ, ವೀಳ್ಯ ಇಟ್ಟು ಕೊಡುತ್ತಾರೆ. ನಮ್ಮ ಪೇಜಿನಲ್ಲಿ ಜನ ಹೆಚ್ಚು ನೋಡುವುದು ಅಂಥ ಫೋಟೋಗಳನ್ನೇ. ಬ್ರಹ್ಮಾವರದ ಮನೆಯ ಗೃಹಪ್ರವೇಶದಂದು ಕಾಂಟ್ರ್ಯಾಕ್ಟರರು ವಂಡ್ಸೆ ಕಡೆಯ ಇನ್ನೊಬ್ಬ ಮೇಸ್ತ್ರಿಗೆ ಬಿಳಿ ಅಂಗಿ ಹಾಕಿಸಿ ನಿಲ್ಲಿಸಿದ್ದರು. ನಾನು ಫೋನ್ ಹಿಡಿದು ಎದುರು ನಿಂತಿದ್ದೆ.

ಮನೆಯೊಡತಿ ಹರಿವಾಣ ಎತ್ತಿಕೊಂಡವರು ಹಾಗೇ ನಿಂತರು.

"ಇವ್ರ್ ಯಾರ್?"

"ಮೇಸ್ತ್ರಿ ಅಕ್ಕ" ಎಂದರು ಕಾಂಟ್ರ್ಯಾಕ್ಟರರು.

"ನಮ್ ಮನಿ ಮೇಸ್ತ್ರಿನ ನಾನ್ ದಿನಾ ಫೋನಗ್ ಕಂಡಿದೆ ಮಾರಾಯ್ರೆ. ಅವ್ರ್ ಎಲ್ಲಿ?"

ಬಿಳಿ ಅಂಗಿಯವರು ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದರು. ಕಾಂಟ್ರ್ಯಾಕ್ಟರರು ಪೂಜೆಗೆ ಬಂದಿದ್ದ ಭಟ್ಟರತ್ತ ನೋಡಿದರು. ಆಕೆ ನನ್ನ ಕಡೆ ತಿರುಗಿದರು. ಬಿದ್ದದ್ದನ್ನು ಹೇಳಿದೆ. ಎಲ್ಲಿ ಎಂದು ಕೇಳಿದರು, ಗೋಡೆಯನ್ನು ತೋರಿಸಿದೆ. ಆಕೆ ಹರಿವಾಣವನ್ನು ಕಿಟಕಿಯ ದಂಡೆಯ ಮೇಲಿಟ್ಟು ಒಳಗೆ ಹೋದರು. ಹಾಲು ಉಕ್ಕಿಸಿದರು, ಊಟವಾಯಿತು.

ಮರುದಿನ ಹರಿವಾಣದ ಸಮೇತ ಆಕೆಯ ಕಾರಿನಲ್ಲಿ ನಾನೂ ಉಪ್ಪುಂದಕ್ಕೆ, ಮೇಸ್ತ್ರಿಯ ಮನೆಗೆ ಹೋದೆ. ಹೊರಡುವಾಗ ಕಾಂಟ್ರ್ಯಾಕ್ಟರರು ಹೇಳಿದ್ದರು: "ಒಂದ್ ಫೋಟೋ ತೆಗಿ. ಮಂಚ ಕಾಂಬುದ್ ಬ್ಯಾಡ, ಮುಖ ಮಾತ್ರ ಸಾಕ್."

ಮೇಸ್ತ್ರಿ ಗೋಡೆಯ ಪಕ್ಕದ ಮಂಚದಲ್ಲಿದ್ದರು. ಅವರ ಹೆಂಡತಿ ತಲೆದಿಂಬು ಎತ್ತರಿಸಿದರು. ಮನೆಯೊಡತಿ ಹರಿವಾಣ ಚಾಚಿದರು. ಮೇಸ್ತ್ರಿ ಪಂಚೆಯ ಅಂಚನ್ನು ಬೆರಳಲ್ಲಿ ಸವರಿ ಕೈ ಹಿಂದೆ ತೆಗೆದುಕೊಂಡರು.

"ಇದ್ ಮನಿ ಬಾಗ್ಲಗೆ ನಿಂತ್ಕಂಡ್ ತಕಂಬ್ದ್ ಅಮ್ಮ. ಮಲ್ಕಂಡ್ ತಕಂಬ್ದಲ್ಲ."

"ತಕಣಿ ಮಾರಾಯ್ರೆ, ಅವ್ರ್ ಅಷ್ಟ್ ದೂರದಿಂದ ಬಂದಿರ್" ಎಂದರು ಹೆಂಡತಿ.

"ನೀ ಸುಮ್ನಿರ್. ನಾ ಕಟ್ಟಿದ್ ಮನಿ ಅದ್."

ಮನೆಯೊಡತಿ ಮಂಚದ ಪಕ್ಕ ಕೂತರು. ಚಹಾ ಕುಡಿದರು. "ಹಂಗಾರೆ ಇದ್ ನಮ್ಮನಿಯಗೇ ಇರ್ಲಿ, ನೀವ್ ಬಪ್ಪಲ್ಲಿವರಿಗೆ" ಎಂದರು. ಮೇಸ್ತ್ರಿ ಆಗಲಿ ಎಂಬಂತೆ ತಲೆಯಾಡಿಸಿದರು. ಡಾಕ್ಟರು ಹೇಳಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಹೆಂಡತಿಗೆ ಗೊತ್ತಿತ್ತು. ಅವರು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು.

ಹರಿವಾಣ ನನ್ನ ತೊಡೆಯ ಮೇಲೆ ಬ್ರಹ್ಮಾವರಕ್ಕೆ ವಾಪಸಾಯಿತು. ತಿರುವುಗಳಲ್ಲಿ ತೆಂಗಿನಕಾಯಿ ಉರುಳದಂತೆ ಕೈಯಲ್ಲಿ ಒತ್ತಿ ಹಿಡಿದಿದ್ದೆ. ದಾರಿಯಲ್ಲಿ ಕಾಂಟ್ರ್ಯಾಕ್ಟರರ ಫೋನ್ ಬಂತು.

"ಕೊಟ್ಟಾಯ್ತಾ? ಫೋಟೋ ಸಿಕ್ತಾ?"

"ಇಲ್ಲ. ಅವರು ತಕೊಳ್ಳಲಿಲ್ಲ" ಎಂದೆ.